ಸಿರಿಗೇರಿಯ ಹೊಲದಂಚಿನ ಒಂದು ಕಲ್ಲು

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಹಾದಿಯಲ್ಲಿ ಸಿರಿಗೇರಿಯ ಕಡೆಗೆ ತಿರುಗಿದವರಿಗೆ ಮೊದಲು ಕಾಣುವುದು ಎರೆಭೂಮಿಯ ವಿಶಾಲವಾದ ಬಯಲು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಕಾಲುವೆಯ ನೀರು ಹರಿದಂದಿನಿಂದ, ಜೋಳ ಹತ್ತಿಗಳಿಗೆ ಹೆಸರಾಗಿದ್ದ ಈ ಸೀಮೆಯಲ್ಲಿ ಬತ್ತದ ಗದ್ದೆಗಳು ಹಬ್ಬಿವೆ. ನಾವು ವರ್ಣಿಸಹೊರಟಿರುವುದಾದರೋ ಗುಡಿಗೋಪುರಗಳನ್ನಲ್ಲ. ನಮ್ಮ ಮನೆಯ ನಾಯಿಯಾದ ಕರಿಯನು ಹನ್ನೊಂದು ವರ್ಷ ಓಡಾಡಿದ ನೆಲವನ್ನು.

ಬೆಳಗಿನ ಜಾವ ಅಜ್ಜನವರ ಹಿಂದೆ ಕಾಲುವೆಯ ಏರಿಯ ಮೇಲೆ ಹೊಲಕ್ಕೆ ಹೊರಡುವುದು ಅವನ ಮೊದಲ ಸಂಚಾರ. ಬಿಸಿಲೇರಿದ ಮೇಲೆ ಚಹದಂಗಡಿಯ ಮುಂದಣ ಬೇವಿನ ನೆರಳು. ಅಲ್ಲಿ ಮಿರ್ಚಿಯ ಕಡೆಗೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಮಂಡಾಳ ಒಗ್ಗರಣೆಯನ್ನು ಮಾತ್ರ ಬಿಟ್ಟವನಲ್ಲ! ಶಾಲೆ ಬಿಡುವ ಹೊತ್ತನ್ನು ಅವನಿಗೆ ಯಾರು ತಿಳಿಸುತ್ತಿದ್ದರೋ ಕಾಣೆವು. ಗಂಟೆ ಬಾರಿಸುವ ಮೊದಲೇ ಬಾಗಿಲಲ್ಲಿ ಹಾಜರಾಗಿರುತ್ತಿದ್ದನು. ಊರಿಗೆ ಹೊಸಬರು ಬಂದು ನಮ್ಮ ಮನೆಯನ್ನು ಕೇಳಿದರೆ, "ಕರಿಯನ ಹಿಂದ ಹೋಗ್ರಿ" ಎಂದು ಹೇಳುವುದೇ ವಾಡಿಕೆಯಾಗಿದ್ದಿತು.

ಒಂದು ಬೇಸಿಗೆಯಲ್ಲಿ ಅವನು ಅನ್ನ ಬಿಟ್ಟನು. ಮೈ ಕಾದಿತು, ಮೂರನೆಯ ದಿನ ಮೂಗಿನಿಂದ ರಕ್ತ ಸುರಿಯಿತು. ಒಡನೆಯೇ ಆಟೋದಲ್ಲಿ ಮಲಗಿಸಿಕೊಂಡು ಸಿರುಗುಪ್ಪಕ್ಕೆ ಕರೆದೊಯ್ದೆವು. ಪಶುವೈದ್ಯರು ರಕ್ತವನ್ನು ಪರೀಕ್ಷಿಸಿ, ಇದು ಉಣ್ಣಿಯಿಂದ ಬರುವ ಜ್ವರವೆಂದರು. ಕಂದುಬಣ್ಣದ ನಾಯಿಯುಣ್ಣಿಯು ಗೋಡೆಯ ಬಿರುಕುಗಳಲ್ಲಿ ಅಡಗಿದ್ದು, ನಾಯಿಯನ್ನು ಕಚ್ಚಿದಾಗ ರೋಗಾಣುವನ್ನು ರಕ್ತಕ್ಕೆ ಸೇರಿಸುವುದು. ಆಗ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳು ಕ್ಷೀಣಿಸುತ್ತವೆ. ಮೊದಲಲ್ಲೇ ತಿಳಿದರೆ ಡಾಕ್ಸಿಸೈಕ್ಲಿನ್ ಎಂಬ ಔಷಧದಿಂದ ಗುಣವಾಗುವುದುಂಟು. ಆದರೆ ಈ ವ್ಯಾಧಿಯು ತಿಂಗಳುಗಟ್ಟಲೆ ಹೊರಗೆ ತೋರದೆ ಒಳಗೇ ಇದ್ದು, ಕಡೆಗೆ ಮೂಳೆಯೊಳಗಣ ಮಜ್ಜೆಯನ್ನೇ ಕೆಡಿಸಬಲ್ಲದು. ಕರಿಯನಿಗೆ ಆದುದು ಅದೇ. ಒಂಬತ್ತನೆಯ ದಿನ ಬೆಳಗಿನ ಜಾವ, ಹೊಲಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ, ಅಜ್ಜನವರ ಮಂಚದ ಕೆಳಗೆ ಪ್ರಾಣಬಿಟ್ಟನು.

ಹೊಲದಂಚಿನಲ್ಲಿ ಗುಂಡಿ ತೋಡಿ ಮಣ್ಣು ಮಾಡಿದೆವು. ನೆರೆಮನೆಯ ಮುದುಕಿಯು ನಮ್ಮ ತಾಯಿಯವರನ್ನು ನೋಡಿ, "ನಾಯಿ ಸತ್ತದ್ದಕ್ಕ ಇಷ್ಟು ಅಳ್ತಾರೇನವ್ವಾ?" ಎಂದು ಗದರಿದಳು, ಗದರುತ್ತಲೇ ತಾನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜನವರು ಅಲ್ಲಿ ಒಂದು ಕಲ್ಲು ನೆಡಿಸಿದಾಗ ಮನೆಯ ಅಳಿಯಂದಿರು ನಕ್ಕು, "ಮಾವಾರ, ನಾಯಿಗೆ ಕಲ್ಲು ನೆಡೋದು ಎಲ್ಲ್ಯಾರ ಐತೇನ್ರಿ?" ಎಂದರು.

"ಎಲ್ಲೂ ಇಲ್ಲದಿದ್ರ ಇಲ್ಲಿರಲಿ."

ಇಲ್ಲದೆಯೇನು! ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಿಲಾಶಾಸನವು ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಶಕ ೮೭೨, ಎಂದರೆ ಕ್ರಿ. ಶ. ೯೪೯-೫೦. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಸಂಗತಿಯನ್ನು ಹೇಳುವ ಆ ಕಲ್ಲಿನ ಮೇಲೆ ಕೆತ್ತಿರುವ ಚಿತ್ರವು ನಾಯಿ ಹಂದಿಗಳ ಕಾಳಗದ್ದು. ಗಂಗರ ಬೂತುಗನು ತನ್ನ ಶೂರನಾದ ಮಣಲೆರನಿಗೆ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿತು; ಎರಡೂ ಸತ್ತುವು. ಕಲ್ಲು ನಿಲ್ಲಿಸಿದ್ದಲ್ಲದೆ ಭೂಮಿಯನ್ನೂ ಬಿಟ್ಟರು. ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂದೂ ಕಟ್ಟುಮಾಡಿದರು. ಕಾಳಿಯದು ವೀರಮರಣ, ನಮ್ಮ ಕರಿಯನದು ರೋಗದ ಮರಣ. ಮನೆಯವರ ದುಃಖಕ್ಕೆ ಈ ಭೇದ ತಿಳಿಯದು.

ಅಜ್ಜನವರ ಕಲ್ಲಿನಲ್ಲಿ ಅಕ್ಷರಗಳಿಲ್ಲ. ಉಳುವ ಟ್ರ್ಯಾಕ್ಟರು ಅದನ್ನು ಬಳಸಿ ಹೋಗುತ್ತದೆ. ಗೋಡೆಗಳ ಬಿರುಕನ್ನೆಲ್ಲ ಮೆತ್ತಿಸಿ, ಉಣ್ಣಿಯ ಔಷಧ ಹೊಡೆಸಿದ ಮೇಲೆ ಹೊಸ ಮರಿಯನ್ನು ತರೋಣವೆಂದು ಹಿರಿಯರು ಹೇಳುತ್ತಿದ್ದಾರೆ. ಮಕ್ಕಳು ಇನ್ನೂ ಒಪ್ಪಿಲ್ಲ.