ಒಂಬತ್ತು ಅರ್ಜಿ, ಒಂಬತ್ತು ಸಾವಿರ ಡಾಲರ್

ಚರ್ಚಿನ ಸ್ಕಾಲರ್‌ಶಿಪ್ ಬಗ್ಗೆ ಬರೀತೀನಿ ಅಂದಾಗ ಗೆಳೆಯನೊಬ್ಬ, "ನಿನಗೂ ಚರ್ಚಿಗೂ ಎಲ್ಲಿಯ ಸಂಬಂಧ ಮಾರಾಯ?" ಎಂದು ನಕ್ಕ. ನ್ಯಾಯವಾದ ಪ್ರಶ್ನೆಯೇ. ನಾನು ದೇವಸ್ಥಾನಕ್ಕೇ ಹಬ್ಬಕ್ಕೊಮ್ಮೆ ಹೋಗುವ ಆಸಾಮಿ. ಆದರೂ 2024ರ ಏಪ್ರಿಲ್‌ನಲ್ಲಿ ಒಹಾಯೋದ ಒಂದು ಸಣ್ಣ ಊರಿನ ಮೆಥಡಿಸ್ಟ್ ಚರ್ಚಿನ ಮಕ್ಕಳ ಒಂಬತ್ತು ಅರ್ಜಿಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂತು. ಅವತ್ತಿನಿಂದ ತಲೆಯಲ್ಲಿ ಕೊರೀತಾ ಇರೋದನ್ನ ಇಲ್ಲಿ ಬರೆದು ಹಗುರಾಗೋಣ ಅಂತ.

ಆದದ್ದು ಇಷ್ಟೆ. ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಹಿರಿಯರೊಬ್ಬರು ಆ ಚರ್ಚಿನ ಸ್ಕಾಲರ್‌ಶಿಪ್ ಸಮಿತಿಯಲ್ಲಿದ್ದಾರೆ. ಪ್ರತಿವರ್ಷ ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೊರಟ ತಮ್ಮ ಸಭೆಯ ಮಕ್ಕಳಿಗೆ ಒಂದಿಷ್ಟು ಹಣ ಕೊಡುವುದು ಅಲ್ಲಿನ ಪದ್ಧತಿ. ಅಮೆರಿಕದ ಸಾವಿರಾರು ಚರ್ಚುಗಳಲ್ಲಿ ಇದು ಇದೆ. ತೊಂದರೆ ಏನೆಂದರೆ ಊರು ಸಣ್ಣದು, ಸಮಿತಿಯ ಐವರಿಗೂ ಎಲ್ಲ ಮಕ್ಕಳೂ ಗೊತ್ತು. ಒಬ್ಬರು ಭಾನುವಾರದ ಶಾಲೆಯಲ್ಲಿ ಪಾಠ ಹೇಳಿದವರು, ಇನ್ನೊಬ್ಬರು ಹದಿಮೂರು ವರ್ಷ ಅದೇ ಮಕ್ಕಳನ್ನು ಸ್ಕೂಲ್ ಬಸ್ಸಿನಲ್ಲಿ ಕರೆದೊಯ್ದ ಡ್ರೈವರ್. "ಯಾರನ್ನೂ ಅರಿಯದ ಒಬ್ಬರು ಬೇಕು, ಹೆಸರು ಅಳಿಸಿ ಕೊಡ್ತೀನಿ, ಓದಿ ಅಭಿಪ್ರಾಯ ಹೇಳ್ತೀರಾ?" ಎಂದು ಕೇಳಿದರು. ಕೋಡ್ ರಿವ್ಯೂ ಮಾಡುವವನಿಗೆ ಇದೇನು ಮಹಾ ಅಂತ ಒಪ್ಪಿಕೊಂಡೆ :-)

ಹಣ ಎಲ್ಲಿಂದ ಬರುತ್ತೆ ಅಂತ ನನಗೆ ಮೊದಲ ಕುತೂಹಲ. ಮದುವೆಯಾಗದೆ ಉಳಿದ ಒಬ್ಬ ಟೀಚರಮ್ಮ ತಮ್ಮ ಉಳಿತಾಯವನ್ನೆಲ್ಲ ಚರ್ಚಿಗೆ ಬರೆದು ಹೋಗಿದ್ದರಂತೆ. ಗಂಟು ಮುಟ್ಟಬಾರದು, ಅದರ ಹುಟ್ಟುವಳಿ ಮಾತ್ರ ಮಕ್ಕಳಿಗೆ ಅನ್ನೋದು ಷರತ್ತು. ಅದಕ್ಕೆ ವರ್ಷಕ್ಕೊಮ್ಮೆ ಚರ್ಚಿನ ಅಡುಗೆಮನೆಯಲ್ಲಿ ಪ್ಯಾನ್‌ಕೇಕ್ ತಿಂಡಿ ಮಾಡಿ ಮಾರಿದ ಹಣ, ಹಳೇ ಸಾಮಾನು ಮಾರಿದ ಹಣ ಸೇರುತ್ತದೆ. ಆ ವರ್ಷ ಎಲ್ಲ ಸೇರಿ ಒಂಬತ್ತು ಸಾವಿರ ಡಾಲರ್.

ಒಬ್ಬ ಅಜ್ಜ ಎರಡು ಸಾವಿರ ಕೊಡ್ತೀನಿ, ಆದರೆ ಅದು ನನ್ನ ಮೊಮ್ಮಗನಿಗೇ ಹೋಗಬೇಕು ಅಂದರಂತೆ. ಖಜಾಂಚಿ ಕೈ ಮುಗಿದರು. ಇಂಥವರಿಗೇ ಅಂತ ಹೆಸರು ಹೇಳಿ ಕೊಟ್ಟರೆ ಅಲ್ಲಿಯ ಕಾನೂನಿನಲ್ಲಿ ಅದು ದಾನವಲ್ಲ, ತೆರಿಗೆ ವಿನಾಯಿತಿ ಇಲ್ಲ. ಅಜ್ಜ ಗೊಣಗಿಕೊಂಡು, ಕೊನೆಗೆ ಹಣವನ್ನು ಹಾಗೇ ಎಲ್ಲರ ನಿಧಿಗೆ ಹಾಕಿದರು. ಆ ಒಂಬತ್ತು ಸಾವಿರದಲ್ಲಿ ಅವರದೂ ಸೇರಿದೆ.

ಚರ್ಚು ಮತ್ತು ವಿದ್ಯಾರ್ಥಿವೇತನದ ನಂಟು ಆ ದೇಶದಲ್ಲಿ ದೇಶಕ್ಕಿಂತ ಹಳೆಯದು. 1643ರಲ್ಲಿ ಲಂಡನ್ನಿನ ಆನ್ ಮೌಲ್ಸನ್ ಎಂಬ ವಿಧವೆ ಹಾರ್ವರ್ಡಿನ ಬಡ ವಿದ್ಯಾರ್ಥಿಯೊಬ್ಬನ ಖರ್ಚಿಗೆಂದು 100 ಪೌಂಡ್ ಕೊಟ್ಟಳು. ಹಾರ್ವರ್ಡಿನ ಮೊದಲ ಸ್ಕಾಲರ್‌ಶಿಪ್ ಅದೇ. ಆಕೆಯಿಂದ ಆ ಹಣ ಎತ್ತಿದವನು ಥಾಮಸ್ ವೆಲ್ಡ್ ಎಂಬ ಪ್ಯೂರಿಟನ್ ಪಾದ್ರಿ. ಇತ್ತೀಚಿನ ಉದಾಹರಣೆ ಬೇಕೆಂದರೆ 2019ರಲ್ಲಿ ವರ್ಜೀನಿಯಾದ ಆಲ್‌ಫ್ರೆಡ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನವರು ಒಂದು ತಿಂಗಳ ವ್ರತ ಹಿಡಿದು, ಒಂದು ಲಕ್ಷ ಡಾಲರ್ ಒಟ್ಟುಮಾಡಿ, ಹವರ್ಡ್ ವಿಶ್ವವಿದ್ಯಾಲಯದ ಮೂವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳ ಬಾಕಿ ತೀರಿಸಿದರು.

ಸರಿ, ನಮ್ಮ ಒಂಬತ್ತು ಅರ್ಜಿಗಳಿಗೆ ಬರೋಣ.

ನನಗೆ ಕೊಟ್ಟದ್ದು ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದ ಹಾಳೆಗಳು. ಏಳನೆಯದು ಅಪ್ಪಟ ಚಿನ್ನ. ಇಂಜಿನಿಯರಿಂಗ್ ಓದಲು ದೊಡ್ಡ ವಿಶ್ವವಿದ್ಯಾಲಯಕ್ಕೆ ಹೊರಟ ಹುಡುಗ, ಒಂದು ಅಲ್ಪವಿರಾಮವೂ ಆಚೀಚೆ ಇಲ್ಲದ ಪ್ರಬಂಧ. ಒಂಬತ್ತನೆಯವನಿಗೆ ವೆಲ್ಡಿಂಗ್ ಕಲಿಯಬೇಕು. ನಾಲ್ಕನೆಯದು ಎರಡೇ ಪ್ಯಾರಾ, ಅದರಲ್ಲೂ ಕಾಗುಣಿತದ ತಪ್ಪುಗಳು. ವೃದ್ಧಾಶ್ರಮದಲ್ಲಿ ಸಂಜೆ ಪಾಳಿ ಸಹಾಯಕಿಯಾಗಿ ದುಡಿಯುವ ಹುಡುಗಿ, ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್ ಓದುವ ಆಸೆ. "ಒಂಬತ್ತು ಕ್ರೆಡಿಟ್ ಮಾತ್ರ ತಗೋತೀನಿ, ಪಾಳಿ ಬಿಡೋಕಾಗಲ್ಲ" ಎಂದು ಬರೆದಿದ್ದಳು.

ಸಮಿತಿಯ ನಿಯಮದ ಹಾಳೆ ಹಳೇ ಟೈಪ್‌ರೈಟರಿನದು. ಅದರಲ್ಲಿ ನಾಲ್ಕು ವರ್ಷದ ಕಾಲೇಜು ಅಂತಿದೆ, ಪೂರ್ಣಾವಧಿ ಅಂತಿದೆ. ಪೂರ್ಣಾವಧಿ ಅಂದರೆ ಸೆಮಿಸ್ಟರಿಗೆ ಹನ್ನೆರಡು ಕ್ರೆಡಿಟ್. ಆ ಲೆಕ್ಕದಲ್ಲಿ ವೆಲ್ಡಿಂಗ್ ಹುಡುಗನೂ ಔಟ್, ನರ್ಸಿಂಗ್ ಹುಡುಗಿಯೂ ಔಟ್.

ಅದರ ಮೇಲೆ ಆ ವರ್ಷ ಇನ್ನೊಂದು ಎಡವಟ್ಟು. ಅಮೆರಿಕದಲ್ಲಿ ಸರ್ಕಾರದ ನೆರವಿಗೆ ಫಾಫ್ಸಾ ಎಂಬ ಒಂದೇ ಅರ್ಜಿ. ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ತೆರೆಯುವ ಅದು ಹೊಸ ರೂಪ ತಾಳುವ ಗಡಿಬಿಡಿಯಲ್ಲಿ 2023ರ ಡಿಸೆಂಬರ್ ಕೊನೆಗೆ ತೆರೆಯಿತು, ಕಾಲೇಜುಗಳಿಗೆ ಮಾಹಿತಿ ತಲುಪತೊಡಗಿದ್ದು 2024ರ ಮಾರ್ಚ್‌ನಲ್ಲಿ. ಬೇರೆ ವರ್ಷ ಆ ಹೊತ್ತಿಗೆ ಯಾವ ಕಾಲೇಜು ಎಷ್ಟು ಕೊಡುತ್ತೆ ಅಂತ ಪತ್ರ ಕೈಯಲ್ಲಿರುತ್ತಿತ್ತು. ಆ ವರ್ಷ ಏಪ್ರಿಲ್ ಬಂದರೂ ಬಹಳ ಮಕ್ಕಳಿಗೆ ಪತ್ರವೇ ಇಲ್ಲ. ಯಾರಿಗೆ ಎಷ್ಟು ಕಡಿಮೆ ಬೀಳುತ್ತೆ ಅಂತ ತಿಳಿಯದೆ ಹಂಚಬೇಕು.

ನಾನು ಎಕ್ಸೆಲ್ ಶೀಟ್ ಹಾಕಿಕೊಂಡು ಹೋದೆ. ನನ್ನ ವಾದ ಸರಳ. ದೊಡ್ಡ ವಿಶ್ವವಿದ್ಯಾಲಯದ ವರ್ಷದ ಖರ್ಚಿನಲ್ಲಿ ಸಾವಿರ ಡಾಲರ್ ಸಮುದ್ರಕ್ಕೆ ಚೊಂಬು ನೀರು ಹುಯ್ದ ಹಾಗೆ. ಕಮ್ಯುನಿಟಿ ಕಾಲೇಜಿನಲ್ಲಿ ಅದೇ ಸಾವಿರ ಫೀಸಿನ ದೊಡ್ಡ ಪಾಲು. ಬಡ ಮಕ್ಕಳಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್ 2024-25ರಲ್ಲಿ ಗರಿಷ್ಠ 7,395 ಡಾಲರ್. ಕಡಿಮೆ ಕ್ರೆಡಿಟ್ ತೆಗೆದುಕೊಂಡರೆ ಅದೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಅಂದರೆ ಪಾಳಿ ಮಾಡಬೇಕಾದವಳಿಗೆ ಎರಡು ಕಡೆಯಿಂದ ಹೊಡೆತ: ಓದಲು ಸಮಯವೂ ಕಡಿಮೆ, ಓದಿಗೆ ಸಿಗುವ ನೆರವೂ ಕಡಿಮೆ. ಆದ್ದರಿಂದ ಎಲ್ಲಿ ಹೆಚ್ಚು ವ್ಯತ್ಯಾಸ ಆಗುತ್ತೋ ಅಲ್ಲಿಗೇ ಹಣ ಹೋಗಲಿ, ಬಾಕಿಯವರಿಗೆ ಶುಭಾಶಯ ಸಾಕು ಅಂದೆ.

ಬಸ್ ಡ್ರೈವರ್ ತಾತ ನನ್ನ ಶೀಟನ್ನು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಆಮೇಲೆ ಹೇಳಿದರು, "ಲೆಕ್ಕ ಸರಿ ಇದೆ. ಆದರೆ ನಾವು ಬ್ಯಾಂಕ್ ಅಲ್ಲ. ಒಂಬತ್ತು ಮಕ್ಕಳೂ ನಮ್ಮ ಬಸ್ಸು ಹತ್ತಿದವರು. ಯಾರನ್ನೂ ಸ್ಟಾಪಿನಲ್ಲಿ ಬಿಟ್ಟು ಬರೋ ಹಾಗಿಲ್ಲ."

ಆ ಮಾತಿಗೆ ನನ್ನ ಎಕ್ಸೆಲ್‌ನಲ್ಲಿ ಕಾಲಂ ಇರಲಿಲ್ಲ. ಕೊನೆಗೆ ಎಲ್ಲರಿಗೂ ತಲಾ ಆರುನೂರು, ಉಳಿದ 3,600ನ್ನು ಅಗತ್ಯ ಹೆಚ್ಚಿರುವ ಮೂವರಿಗೆ ತಲಾ ಸಾವಿರದ ಇನ್ನೂರು ಅಂತ ತೀರ್ಮಾನವಾಯಿತು. ವೆಲ್ಡಿಂಗ್ ಹುಡುಗನ ವಿಷಯ ಹತ್ತು ನಿಮಿಷದಲ್ಲಿ ಇತ್ಯರ್ಥ. ಹೈಸ್ಕೂಲಿನ ಆಚೆಗಿನ ಯಾವ ಕಲಿಕೆಯಾದರೂ ಕಾಲೇಜೇ ಎಂದು ಹಾಳೆಯಲ್ಲಿ ಪೆನ್ನಿನಿಂದ ತಿದ್ದಿದರು.

ನಾಲ್ಕನೇ ಅರ್ಜಿಗೆ ಮಾತ್ರ ಒಂದು ಗಂಟೆ ಹಿಡಿಯಿತು. ದುಡ್ಡು ಕೊಟ್ಟರೆ ಹನ್ನೆರಡು ಕ್ರೆಡಿಟ್ ತಗೋತಾಳಾ ಎಂದು ಪಾದ್ರಿಗಳ ಮೂಲಕ ಕೇಳಿಸಿದರು. ಉತ್ತರ ಬಂತು: ಇಲ್ಲ, ಮನೆ ಬಾಡಿಗೆಯಲ್ಲಿ ಅವಳ ಸಂಬಳವೂ ಇದೆ. ಸಮಿತಿಯಲ್ಲಿ ಒಬ್ಬರು ನರ್ಸಮ್ಮ ಇದ್ದರು. ಅವರೇ ಬೆಂಬಲಿಸುತ್ತಾರೆ ಅಂದುಕೊಂಡಿದ್ದೆ, ಅವರೇ ಬೇಡ ಅಂದರು. "ನಾನೂ ಹೀಗೇ ಪಾಳಿ ಮಾಡುತ್ತಾ ಶುರುಮಾಡಿದವಳು. ಮೊದಲ ಸಲ ಅರ್ಧಕ್ಕೇ ಬಿಟ್ಟೆ, ಸಾಲ ಮಾತ್ರ ಉಳೀತು. ಅವಳನ್ನು ಆ ಹಾದಿಗೆ ನಾವೇ ತಳ್ಳಬಾರದು" ಅನ್ನುವಾಗ ಅವರ ದನಿ ನಡುಗುತ್ತಿತ್ತು. ರೂಲ್ಸ್ ಹೇಳುತ್ತಿದ್ದಾರೆ ಅಂತ ಯಾರಿಗೂ ಅನ್ನಿಸಲಿಲ್ಲ. ರಿಟೈರ್ ಆದ ಮೇಷ್ಟ್ರಮ್ಮ ಮೆಲ್ಲಗೆ ಕೇಳಿದರು, "ಎರಡನೇ ಸಲ ಹೇಗೆ ಮುಗಿಸಿದಿರಿ?" ನರ್ಸಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆ ದುಡ್ಡು ಕೊಟ್ಟರು" ಅಂದರು. ಓಟು ನಾಲ್ಕು-ಒಂದು. ಆ ಒಂದು ಓಟು ಅವರದೇ. ಆದರೆ ಸಭೆ ಮುಗಿದ ಮೇಲೆ ಆ ಹುಡುಗಿಗೆ ತಮ್ಮ ಫೋನ್ ನಂಬರ್ ತಲುಪಿಸಿ ಅಂತ ಪಾದ್ರಿಗಳಿಗೆ ಚೀಟಿ ಕೊಟ್ಟವರೂ ಅವರೇ.

ಮೇ ತಿಂಗಳ ಭಾನುವಾರ ನನ್ನನ್ನೂ ಕರೆದರು. ಮಕ್ಕಳು ಗೌನು, ಟೋಪಿ ಹಾಕಿಕೊಂಡು ಸಾಲಾಗಿ ಬಂದರು. ಹೆಸರು, ಹೋಗುವ ಕಾಲೇಜು, ಓದುವ ವಿಷಯ ಓದಿದರು. ಯಾರಿಗೆ ಎಷ್ಟು ಅಂತ ಮಾತ್ರ ಹೇಳಲಿಲ್ಲ, ಚೆಕ್ಕು ನೇರ ಕಾಲೇಜಿಗೇ ಹೋಗುತ್ತದೆ. ಹೆಂಗಸರ ಗುಂಪು ಹೊಲಿದ ಒಂದೊಂದು ಹೊದಿಕೆಯನ್ನು ಪ್ರತಿಯೊಬ್ಬರ ಹೆಗಲಿಗೆ ಹೊದಿಸಿದರು. ಥೇಟ್ ನಮ್ಮ ಕೌದಿ! ನಾಲ್ಕನೇ ನಂಬರಿನ ಹುಡುಗಿ ಗೌನಿನ ಕೆಳಗೆ ಡ್ಯೂಟಿ ಪ್ಯಾಂಟು ಹಾಕಿದ್ದಳು. ಊಟಕ್ಕೆ ನಿಲ್ಲದೆ ಕೌದಿ ಮಡಚಿಕೊಂಡು ಓಡಿದಳು.

ನನಗೆ ನಮ್ಮ ಕಡೆಯ ವಾರಾನ್ನ ನೆನಪಾಯಿತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ಉಂಡು ಓದಿದ ಎಷ್ಟು ಹಿರಿಯರಿಲ್ಲ. ಸಿದ್ಧಗಂಗೆಯಂಥ ಮಠಗಳಲ್ಲಿ ಉಂಡು ಓದಿದವರಂತೂ ಲೆಕ್ಕಕ್ಕೇ ಸಿಗರು. ಅದರ ಪಕ್ಕದಲ್ಲಿ ಇವತ್ತಿನ ನಮ್ಮ 'ಪ್ರತಿಭಾ ಪುರಸ್ಕಾರ'ಗಳನ್ನು ಇಟ್ಟು ನೋಡಿ. ಶೇಕಡಾ 90ರ ಮೇಲೆ ಬಂದವರಿಗೆ ಶಾಲು, ಹಾರ, ಫೋಟೋ. ಶೇಕಡಾ 58 ತೆಗೆದು ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನ ಹೆಸರು ಆ ಪಟ್ಟಿಯಲ್ಲಿ ಬರುವುದೇ ಇಲ್ಲ.

ಚರ್ಚಿನದು ದೋಷವೇ ಇಲ್ಲದ ವ್ಯವಸ್ಥೆ ಅಂತಲ್ಲ. ಯಾವ ಚರ್ಚಿಗೂ ಸೇರದ ಮಗು ಏನು ಮಾಡಬೇಕು ಅಂತ ಕೇಳಿದೆ. ಜಾತಿ ಹಾಸ್ಟೆಲುಗಳ ನಾಡಿನಿಂದ ಬಂದವನಿಗೆ ಈ ಪ್ರಶ್ನೆ ಬರಲೇಬೇಕಲ್ಲ. ಮೇಷ್ಟ್ರಮ್ಮ ಮ್ಯಾಸಚೂಸೆಟ್ಸಿನ ಫಾಲ್ ರಿವರ್ ಊರಿನ ಕಥೆ ಹೇಳಿದರು. 1958ರಲ್ಲಿ ಅರ್ವಿಂಗ್ ಫ್ರಾಡ್ಕಿನ್ ಎಂಬ ಕಣ್ಣಿನ ಪರೀಕ್ಷಕರು, ಊರಿನ ಪ್ರತಿಯೊಬ್ಬರೂ ಒಂದೊಂದು ಡಾಲರ್ ಕೊಟ್ಟರೆ ಊರ ಮಕ್ಕಳೆಲ್ಲ ಓದಬಹುದು ಎಂದು ಹೊರಟರು. ಅದೇ 'ಡಾಲರ್ಸ್ ಫಾರ್ ಸ್ಕಾಲರ್ಸ್' ಎಂದು ಊರೂರಿಗೆ ಹಬ್ಬಿತು. ಅಲ್ಲಿ ಚರ್ಚಿಲ್ಲ, ಜಾತಿಯಿಲ್ಲ, ಊರೇ ಸಭೆ.

ಇನ್ನೊಂದು ಪಾಠ ಸೆಪ್ಟೆಂಬರಿನಲ್ಲಿ ಕಾದಿತ್ತು. ಏಳನೇ ನಂಬರಿನ ಹುಡುಗನ ವಿಶ್ವವಿದ್ಯಾಲಯ, ಹೊರಗಿನಿಂದ ಆರುನೂರು ಬಂತಲ್ಲ ಅಂತ ತಾನು ಕೊಡುತ್ತಿದ್ದ ಗ್ರಾಂಟಿನಲ್ಲಿ ಆರುನೂರು ಕಡಿಮೆ ಮಾಡಿತು! ಪ್ಯಾನ್‌ಕೇಕ್ ಹುಯ್ದವರ ದುಡ್ಡು ಹುಡುಗನ ಕೈ ದಾಟಿ ವಿಶ್ವವಿದ್ಯಾಲಯದ ಗಲ್ಲಾಪೆಟ್ಟಿಗೆಗೆ. ಇದು ಎಷ್ಟು ಸಾಮಾನ್ಯ ಅಂದರೆ 2017ರಲ್ಲಿ ಮೇರಿಲ್ಯಾಂಡ್ ರಾಜ್ಯ ತನ್ನ ಸರ್ಕಾರಿ ಕಾಲೇಜುಗಳಲ್ಲಿ ಇದನ್ನು ತಡೆಯಲು ಕಾನೂನನ್ನೇ ಮಾಡಿತು, ದೇಶದಲ್ಲೇ ಮೊದಲು. ಸಮಿತಿಯವರು ಪತ್ರ ಬರೆದರು: ಕಡಿಮೆ ಮಾಡಲೇಬೇಕೆಂದರೆ ಸಾಲದ ಭಾಗದಲ್ಲಿ ಮಾಡಿ, ಗ್ರಾಂಟಿನಲ್ಲಲ್ಲ. "ನಮ್ಮ ಪಾಲಿಸಿ ಹೀಗೆ" ಎಂಬ ಎರಡು ಸಾಲಿನ ಉತ್ತರ ಬಂತು. 2025ರಿಂದ ಅವರು ಚೆಕ್ಕು ಬರೆಯುವ ಮೊದಲೇ ಪ್ರತಿ ಕಾಲೇಜಿಗೂ ಈ ಪ್ರಶ್ನೆ ಕೇಳುತ್ತಾರೆ. ಉತ್ತರ ನೋಡಿ ಹಣ ಯಾವ ವರ್ಷಕ್ಕೆ, ಯಾವ ರೀತಿ ಕೊಡಬೇಕು ಅಂತ ಆ ಮನೆಯವರ ಜೊತೆ ಕೂತು ನಿರ್ಧರಿಸುತ್ತಾರೆ.

ನಿಯಮದ ಹಾಳೆಯನ್ನು ಈಗ ಹೊಸದಾಗಿ ಟೈಪ್ ಮಾಡಿದ್ದಾರೆ. ಪೂರ್ಣಾವಧಿ ಅನ್ನುವ ಪದ ಹೋಗಿದೆ. ಅದರ ಜಾಗದಲ್ಲಿ ಅರ್ಜಿಯ ಕೊನೆಗೆ ಒಂದು ಹೊಸ ಪ್ರಶ್ನೆ ಸೇರಿದೆ: "ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತೀರಿ?" ಬರೆಸಿದವರು ನರ್ಸಮ್ಮ.

ನಿಮ್ಮ ಊರಲ್ಲಿ, ನಿಮ್ಮ ಸಂಘದಲ್ಲಿ ವಿದ್ಯಾರ್ಥಿವೇತನ ಕೊಡುವವರಿದ್ದರೆ ಅವರ ಫಾರ್ಮ್ ಒಮ್ಮೆ ತೆಗೆದು ನೋಡಿ. ಮಾರ್ಕ್ಸ್ ಕಾರ್ಡಿನ ಜೊತೆಗೆ ಈ ಒಂದು ಪ್ರಶ್ನೆಯೂ ಇದೆಯಾ? ಇಲ್ಲದಿದ್ದರೆ ಸೇರಿಸಿ ಅಂತ ಹೇಳಿ. ಒಂದು ಸಾಲಿನ ಜಾಗ ಸಾಕು.