ನಾಣ್ಯ ಹಾರಿಸಿದ್ದರೆ ಎಷ್ಟು ಬರುತ್ತಿತ್ತು?

ಹಾಸ್ಟೆಲಿನ 12 ವೈಫೈ ಪೆಟ್ಟಿಗೆಗಳನ್ನು ಎರಡು ಚಾನೆಲ್‌ಗಳಿಗೆ ಹಂಚಬೇಕು. ಅಕ್ಕಪಕ್ಕದವು ಒಂದೇ ಚಾನೆಲ್‌ನಲ್ಲಿದ್ದರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಹೆಚ್ಚು ಕಾಟ ಕೊಡುವ ಜೋಡಿಗಳು ಆದಷ್ಟೂ ಬೇರೆ ಬೇರೆ ಬಣಕ್ಕೆ ಹೋಗಬೇಕು. ಗಣಿತದಲ್ಲಿ ಇದು ಮ್ಯಾಕ್ಸ್-ಕಟ್ ಸಮಸ್ಯೆ. ಬೆಂಗಳೂರಿನಲ್ಲಿ ವಿದ್ಯಾರ್ಥಿಗಳಿಗಾಗಿ ನಡೆದ ಕ್ವಾಂಟಮ್ ಹ್ಯಾಕಥಾನ್‌ಗೆ ನಾನೂ ನನ್ನ ಗೆಳತಿಯೂ ಇದನ್ನೇ ಎತ್ತಿಕೊಂಡು ಹೋಗಿದ್ದೆವು. ಆ ಆಯ್ಕೆ ತಪ್ಪಾಗಿತ್ತೆಂದು ಇಂದಿಗೂ ನನಗೆ ಅನ್ನಿಸಿಲ್ಲ.

ಫರ್ಹಿ, ಗೋಲ್ಡ್‌ಸ್ಟೋನ್, ಗಟ್‌ಮನ್ 2014ರಲ್ಲಿ ಮುಂದಿಟ್ಟ ಕ್ಯೂಎಒಎ ಎಂಬ ಕ್ವಾಂಟಮ್ ವಿಧಾನವನ್ನು ಹಿಡಿದೆವು. ಪೆಟ್ಟಿಗೆಗೊಂದು ಕ್ಯೂಬಿಟ್, ಸೊನ್ನೆ ಬಂದರೆ ಒಂದು ಚಾನೆಲ್, ಒಂದು ಬಂದರೆ ಇನ್ನೊಂದು. 12 ಪೆಟ್ಟಿಗೆಗಳಲ್ಲಿ 66 ಜೋಡಿ. ಪ್ರತಿ ಜೋಡಿಗೂ ಎರಡು ಕ್ಯೂಬಿಟ್‌ಗಳನ್ನು ಬೆಸೆಯುವ ಗೇಟ್ ಎರಡೆರಡು ಬೇಕು. ಹೀಗೆ ಎಲ್ಲ ಜೋಡಿಗಳನ್ನೂ ಒಂದು ಸುತ್ತು ಬೆಸೆದರೆ ಒಂದು ಪದರ. ಪದರ ಹೆಚ್ಚಿಸಿದಷ್ಟೂ ಸಿಮ್ಯುಲೇಟರ್‌ನಲ್ಲಿ ಉತ್ತರ ಉತ್ತಮವಾಗುತ್ತಿತ್ತು, ಹಾಗಾಗಿ ಮೂರು ಪದರ ಹಾಕಿದೆವು. ಒಟ್ಟು 396 ಗೇಟ್.

ನಮಗೆ ಸಿಕ್ಕಿದ್ದಂಥ ನಿಜವಾದ ಕ್ವಾಂಟಮ್ ಯಂತ್ರಗಳಲ್ಲಿ ಇಂಥ ಒಂದೊಂದು ಗೇಟೂ ನೂರಕ್ಕೆ ಸುಮಾರು ಒಂದು ಸಲ ತಪ್ಪುತ್ತದೆ. 396 ಗೇಟುಗಳನ್ನೂ ತಪ್ಪಿಲ್ಲದೆ ದಾಟುವ ಸಾಧ್ಯತೆ ನೂರಕ್ಕೆ ಎರಡೂ ಇಲ್ಲ. ಸಾಲದ್ದಕ್ಕೆ, ಚಿಪ್ ಮೇಲೆ ಒಂದು ಕ್ಯೂಬಿಟ್‌ಗೆ ಹೆಚ್ಚೆಂದರೆ ಮೂರು ನೆರೆಯವು. ದೂರದವನ್ನು ಪಕ್ಕಕ್ಕೆ ತರಲು ಅದಲುಬದಲು ಮಾಡಬೇಕು, ಪ್ರತಿ ಅದಲುಬದಲಿಗೂ ಇನ್ನು ಮೂರು ಗೇಟ್. ಇದಿಷ್ಟೂ ಪೆನ್ಸಿಲ್ ಹಿಡಿದು ಕೂತರೆ ಗೊತ್ತಾಗುವ ಲೆಕ್ಕ. ನಾವು ಕೂರಲಿಲ್ಲ. ನಾವು ಬಳಸಿದ ಸಿಮ್ಯುಲೇಟರ್‌ನಲ್ಲಿ ಈ ತಪ್ಪುಗಳ ಗದ್ದಲವೆಂಬುದೇ ಇರಲಿಲ್ಲ. ಅದು ಬಿಡಿಸಿದ ಗ್ರಾಫ್ ಅಷ್ಟು ಚೆನ್ನಾಗಿತ್ತು, ನಂಬಿಬಿಟ್ಟೆವು.

ಯಂತ್ರದ ಫಲಿತಾಂಶ ಬೆಳಗಿನ ಜಾವ ಬಂತು. ಯಾವ ಹಂಚಿಕೆಯೂ ಎದ್ದು ಕಾಣಲಿಲ್ಲ. ಎಲ್ಲವೂ ಸ್ವಲ್ಪ ಸ್ವಲ್ಪ.

"ಬಂದಿದ್ದನ್ನೇ ತೋರಿಸೋಣ ಕಣೇ" ಎಂದಳು ಗೆಳತಿ.

ನಾನು ಒಪ್ಪಲಿಲ್ಲ. ಸಿಮ್ಯುಲೇಟರ್ ಗ್ರಾಫನ್ನೇ ಸ್ಲೈಡಿಗೆ ಹಾಕಿದೆ. ವೇದಿಕೆಯ ಮೇಲೆ ನಿಂತು, "ಯಂತ್ರದ ಕ್ಯೂ ತುಂಬಾ ಉದ್ದ ಇತ್ತು ಮೇಡಂ, ಫಲಿತಾಂಶ ಇನ್ನೂ ಬಂದಿಲ್ಲ" ಎಂದೆ. ಪಕ್ಕದಲ್ಲಿದ್ದ ಗೆಳತಿ ನೆಲ ನೋಡುತ್ತಿದ್ದಳು. ನನ್ನ ಸುಳ್ಳಿಗೆ ಅವಳನ್ನೂ ಪಾಲುದಾರಳನ್ನಾಗಿಸಿದ್ದೆ.

ತೀರ್ಪುಗಾರರು ಅದನ್ನು ಕೆದಕಲಿಲ್ಲ. "ಆಗಲಿ. ಪ್ರತಿ ಪೆಟ್ಟಿಗೆಗೂ ನಾಣ್ಯ ಹಾರಿಸಿ ಚಾನೆಲ್ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತಮ್ಮಾ?" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಸುಲಭ: ಯಾವುದೇ ಜೋಡಿ ಬೇರೆಯಾಗುವ ಸಾಧ್ಯತೆ ಅರ್ಧ, ಆದ್ದರಿಂದ ಸರಾಸರಿ ಎಲ್ಲ ಜೋಡಿಗಳ ಕಾಟದ ಒಟ್ಟು ತೂಕದ ಅರ್ಧ. ನಾನು ಬಚ್ಚಿಟ್ಟಿದ್ದ ಫಲಿತಾಂಶ ಆ ಅರ್ಧಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಇನ್ನು 12 ಪೆಟ್ಟಿಗೆಗಳನ್ನು ಎರಡು ಬಣ ಮಾಡುವ ದಾರಿಗಳು ಒಟ್ಟು 2,048. ಲ್ಯಾಪ್‌ಟಾಪ್ ಕಣ್ಣುಮಿಟುಕಿಸುವಷ್ಟರಲ್ಲಿ ಎಲ್ಲವನ್ನೂ ಪರೀಕ್ಷಿಸಿಬಿಡುತ್ತದೆ. ಹೀಗಿದ್ದೂ ನಮ್ಮ ಮೊದಲ ಸ್ಲೈಡಿನಲ್ಲಿ "ಸಾಮಾನ್ಯ ಕಂಪ್ಯೂಟರಿಗಿಂತ ವೇಗ" ಎಂದು ಬರೆದಿದ್ದೆವು.

ನಮಗಿಂತ ಮುಂಚೆ ಒಂದು ತಂಡ ಬರೀ ಮೂರು ಕ್ಯೂಬಿಟ್ ಬಳಸಿ, ಒಂದೊಂದೇ ಗೇಟ್ ಸೇರಿಸುತ್ತ ಹೋದಂತೆ ತಪ್ಪು ಹೇಗೆ ಏರುತ್ತದೆಂದು ಅಳೆದು ತೋರಿಸಿತ್ತು. ಇಷ್ಟೇನಾ ಎಂದುಕೊಂಡಿದ್ದೆ. ನಿಜವಾದ ಯಂತ್ರದ ಜೊತೆ ನಿಜವಾಗಿ ಮಾತಾಡಿದವರು ಅವರು. ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಆರು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಮಂಜೂರು ಮಾಡಿದೆ. ಈ ಕ್ಷೇತ್ರಕ್ಕೆ ಬರಲಿರುವ ಹುಡುಗ ಹುಡುಗಿಯರು ನನ್ನಂತೆ ಗದ್ದಲವನ್ನು ಅಡಗಿಸುವುದನ್ನು ಕಲಿತರೆ ಅಷ್ಟು ದುಡ್ಡಿನಿಂದ ಏನೂ ಹುಟ್ಟದು ಎಂಬ ಭಯ ನನಗಿದೆ. ಈಗ ಮಾಡಬೇಕಾದ ಕೆಲಸವೆಲ್ಲ ಇರುವುದು ಆ ಗದ್ದಲದಲ್ಲೇ.

ಆಮೇಲೆ ಗೆಳತಿಯೂ ನಾನೂ ಮತ್ತೆ ಕೂತೆವು. ದೂರದ ಪೆಟ್ಟಿಗೆಗಳ ದುರ್ಬಲ ಜೋಡಿಗಳನ್ನು ಕೈಬಿಟ್ಟು 16 ಉಳಿಸಿಕೊಂಡೆವು, ಒಂದೇ ಪದರ ಹಾಕಿದೆವು. 396 ಇದ್ದ ಗೇಟುಗಳು 32ಕ್ಕೆ ಇಳಿದವು. ಈ ಸಲ ಯಂತ್ರದ ಉತ್ತರ ನಾಣ್ಯದ ಉತ್ತರಕ್ಕಿಂತ ಸ್ಪಷ್ಟವಾಗಿ ಮೇಲೆ ನಿಂತಿತು. ಗ್ರಾಫನ್ನು ಆ ತೀರ್ಪುಗಾರರಿಗೆ ಇಮೇಲ್ ಮಾಡಿ, ಅಂದು ಫಲಿತಾಂಶ ಬಂದಿತ್ತು, ನಾನೇ ಬಚ್ಚಿಟ್ಟೆ ಎಂದೂ ಬರೆದೆ.

ಅವರ ಮಾರುತ್ತರ ಚಿಕ್ಕದು: "ಕೈಬಿಟ್ಟ 50 ಜೋಡಿಗಳನ್ನೂ ಸೇರಿಸಿ ಅಳೆದಿರಾ?"

ಅಳೆದಿರಲಿಲ್ಲ. ಅವತ್ತೇ ಅಳೆದೆವು. ಅಂತರ ತಗ್ಗಿತು, ಆದರೆ ಅಳಿಯಲಿಲ್ಲ. ಎರಡೂ ಗ್ರಾಫ್‌ಗಳನ್ನು ಒಟ್ಟಿಗೇ ಕಳಿಸಿದೆವು.