ಒಂದೇ ಡ್ರಮ್ಸು, ಎರಡು ತಾಳ

ಬೆಂಗಳೂರಿನಲ್ಲಿ ಬೇಸಿಗೆಗೂ ಸಂಗೀತಕ್ಕೂ ಹಳೇ ನಂಟು. ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿಯವರು 1939ರಲ್ಲಿ ಶುರು ಮಾಡಿದ ರಾಮನವಮಿ ಸಂಗೀತೋತ್ಸವ ಇವತ್ತಿಗೂ ನಡೀತಿದೆ. ಏಪ್ರಿಲ್ ಸೆಕೆ, ಚಪ್ಪರ, ಪಾನಕ, ಕೋಸಂಬರಿ. ಆ ದಿನಗಳಲ್ಲಿ ವಿದ್ವಾಂಸರು ಇವತ್ತು ಈ ಬಡಾವಣೆ, ನಾಳೆ ಆ ಬಡಾವಣೆ ಅಂತ ಸುತ್ತುತ್ತಲೇ ಇರ್ತಾರೆ. ನಾವು ಅದನ್ನ ಕಛೇರಿ ಅಂತೀವಿ. ಟೂರ್ ಅಂತ ಕರೆದರೂ ತಪ್ಪೇನಿಲ್ಲ.

ಹಾಗಾಗಿ ನನ್ನ ಗೆಳೆಯ ಫೋನ್ ಮಾಡಿ, "ಮಗಾ, ಈ ಬೇಸಿಗೇಲಿ ಟೂರ್ ಹೋಗ್ತಿದೀವಿ, ಎರಡು ಬ್ಯಾಂಡು, ಒಂದೇ ಟಿಟಿ, ಲೆಕ್ಕ ನೀನು ನೋಡ್ಕೋಬೇಕು" ಅಂದಾಗ ನನಗೆ ಅಂಥ ಆಶ್ಚರ್ಯ ಆಗಲಿಲ್ಲ. ಎರಡು ಬ್ಯಾಂಡ್ ಯಾವುವು ಅಂತ ಕೇಳಿದ ಮೇಲೆ ಆಯ್ತು.

ನಮ್ಮ ಪದ್ಮನಾಭನಗರದಲ್ಲಿ ಪೊಲೀಸ್ ಗಾಡಿ ಸೈರನ್ ಕೇಳಿಸಿದರೆ ಜನ ದೇವೇಗೌಡರ ಮನೆ ಕಡೆ ತಿರುಗಿ ನೋಡ್ತಾರೆ. ಡ್ರಮ್ಸ್ ಸದ್ದು ಕೇಳಿಸಿದರೆ ನಮ್ಮ ಕ್ರಾಸಿನವರು ನನ್ನ ಗೆಳೆಯನ ಮನೆ ಟೆರೇಸ್ ಕಡೆ ನೋಡ್ತಾರೆ. ಅಲ್ಲೊಂದು ಶೀಟ್ ಹಾಕಿದ ರೂಮಿದೆ. ಗೋಡೆ ತುಂಬ ಹಳೇ ಹಾಸಿಗೆ ಮೆತ್ತಿದ್ದಾರೆ. ವಾರದ ದಿನ ಸಾಫ್ಟ್‌ವೇರ್ ಟೆಸ್ಟಿಂಗ್, ಶನಿವಾರ ಬಾಸ್ ಗಿಟಾರ್. ಅವನದು ಆಲ್ಟರ್ನೇಟಿವ್ ರಾಕ್ ಬ್ಯಾಂಡು. ನಿರ್ವಾಣ, ರೇಡಿಯೋಹೆಡ್ ಕೇಳಿ ಬೆಳೆದ ನಾಲ್ಕು ಜನ. ಇನ್ನೊಂದು ಬ್ಯಾಂಡು ಕಮ್ಮನಹಳ್ಳಿ ಕಡೆಯದು. ಐದು ಜನ, ರೆಗೇ ನುಡಿಸೋರು. ಇವರ ಪಾಡಿಗೆ ಇವರು, ಅವರ ಪಾಡಿಗೆ ಅವರು ಇದ್ದವರನ್ನ ಒಟ್ಟು ಮಾಡಿದ್ದು ಸಂಗೀತ ಅಲ್ಲ, ಡೀಸೆಲ್.

ಲೆಕ್ಕ ಸರಳ. ಮೈಸೂರು, ಮಂಗಳೂರು, ಹುಬ್ಬಳ್ಳಿ, ಕೊನೆಗೆ ಬೆಂಗಳೂರು. ನಾಲ್ಕೇ ಜನ ಹೋದರೂ ಟಿಟಿ ಬಾಡಿಗೆ ಅಷ್ಟೇ, ಡ್ರೈವರ್ ಬಾಟಾ ಅಷ್ಟೇ, ಟೋಲ್ ಅಷ್ಟೇ, ಸೌಂಡ್ ಇಂಜಿನಿಯರ್ ಸಂಭಾವನೆ ಅಷ್ಟೇ. ಒಂಬತ್ತು ಜನ ಹೋದರೆ ಖರ್ಚು ಎರಡು ಪಾಲು. ಡ್ರಮ್ ಸೆಟ್ ಒಂದೇ ಸಾಕು, ಆಂಪ್ ಹಂಚ್ಕೋಬಹುದು. ಪಬ್ಬಿನವರಿಗೂ ಒಂದೇ ರಾತ್ರಿಗೆ ಎರಡು ಬ್ಯಾಂಡ್ ಸಿಕ್ಕ ಖುಷಿ. ನಾನು ಹತ್ತನೆಯವನು. ಎಕ್ಸೆಲ್ ಶೀಟು ಮತ್ತು ಟೀ ಶರ್ಟ್ ಡಬ್ಬದ ಉಸ್ತುವಾರಿ.

ತಕರಾರು ಶುರುವಾಗಿದ್ದು ಆ ಒಂದೇ ಡ್ರಮ್ ಸೆಟ್ಟಿನಿಂದ. ರಾಕ್ ಡ್ರಮ್ಮರ್‌ಗೆ ಸ್ನೇರ್ ದಪ್ಪ ದನಿಯಲ್ಲಿ ಗುದ್ದಬೇಕು. ರೆಗೇ ಡ್ರಮ್ಮರ್‌ಗೆ ಅದೇ ಸ್ನೇರ್ ಬಿಗಿಯಾಗಿ, ಟಣ್ ಅನ್ನಬೇಕು. ಒಬ್ಬ ಇಳಿದು ಇನ್ನೊಬ್ಬ ಕೂರುವಾಗ ಕೀಲಿ ಹಿಡಿದು ತಿರುಗಿಸ್ತಾ ಕೂತರೆ ಹತ್ತು ನಿಮಿಷ ಹೋಯ್ತು. ಅಷ್ಟರಲ್ಲಿ ಜನ ಬಿಲ್ ಕೊಟ್ಟು ಎದ್ದಿರ್ತಾರೆ.

ತಾಳದ ವಿಷಯ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಕಥೆ ಇರೋದೇ ಅಲ್ಲಿ. ರಾಕ್‌ನಲ್ಲಿ ಸಾಮಾನ್ಯವಾಗಿ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿದರೆ ಒಂದು ಮತ್ತು ಮೂರಕ್ಕೆ ಕಾಲಿನ ಡ್ರಮ್ಮು, ಎರಡು ಮತ್ತು ನಾಲ್ಕಕ್ಕೆ ಸ್ನೇರು. ಒಂದನೇ ಪೆಟ್ಟು ಬಿದ್ದಾಗ ಎಲ್ಲರೂ ಒಟ್ಟಿಗೆ ನೆಲಕ್ಕೆ ಬರ್ತಾರೆ. ಜಮೈಕಾದಿಂದ ಬಂದ ರೆಗೇಯಲ್ಲಿ 'ಒನ್ ಡ್ರಾಪ್' ಅನ್ನೋ ನಡೆಯಲ್ಲಿ ಆ ಒಂದನೇ ಪೆಟ್ಟೇ ಖಾಲಿ. ಭಾರ ಪೂರ್ತಿ ಮೂರನೆಯದರ ಮೇಲೆ. ಗಿಟಾರಿನವನು ಎರಡಕ್ಕೂ ನಾಲ್ಕಕ್ಕೂ ಚಕ್, ಚಕ್ ಅಂತ ಕತ್ತರಿಸ್ತಾನೆ. ನಡುವೆ ಇರೋ ಜಾಗದಲ್ಲೆಲ್ಲ ಬಾಸ್ ಓಡಾಡುತ್ತೆ. ಅಂದ್ರೆ ರಾಕ್‌ನಲ್ಲಿ ಹಿಂದೆ ನಿಲ್ಲೋ ಬಾಸ್ ಗಿಟಾರು ರೆಗೇಯಲ್ಲಿ ಮನೆ ಯಜಮಾನ.

ಗೆಳೆಯನ ಪಕ್ಕದ ಮನೆಯಲ್ಲಿ ರಿಟೈರ್ಡ್ ಮೇಷ್ಟ್ರು ಒಬ್ಬರಿದ್ದಾರೆ. ರಾಮನವಮಿ ಕಛೇರಿ ತಪ್ಪಿಸೋರಲ್ಲ. ಎರಡೂ ಬ್ಯಾಂಡ್ ಸೇರಿ ಟೆರೇಸಿನಲ್ಲಿ ಪ್ರಾಕ್ಟೀಸ್ ಮಾಡಿದ ದಿನ ಮೆಟ್ಟಿಲು ಹತ್ತಿ ಬಂದರು. ಗಲಾಟೆ ಮಾಡೋಕೆ ಅಂದ್ಕೊಂಡ್ವಿ. ನಿಯಮ ಅವರ ಪರವಾಗೇ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಡ್ರಮ್ಸ್ ಒಂದು ಸಲ ಬಡಿದರೆ ಅದು ಮುಗೀತು. ಮೇಷ್ಟ್ರು ಕುರ್ಚಿ ಎಳೆದು ಕೂತು, "ಏನಪ್ಪಾ, ಇದು ಅನಾಗತ ಎಡುಪೇ?" ಅಂದರು. ತಾಳ ಶುರುವಾದ ಮೇಲೆ ಸ್ವಲ್ಪ ತಡೆದು ಹಾಡು ಎತ್ತಿಕೊಳ್ಳೋದಕ್ಕೆ ಕರ್ನಾಟಕ ಸಂಗೀತದಲ್ಲಿ ಹಾಗಂತಾರೆ. "ಅಲ್ಲ ಸರ್, ಇಲ್ಲಿ ಹಾಡು ಮಾತ್ರ ಅಲ್ಲ, ಗಿಟಾರು ಪೂರ್ತಿ ಎಡಕ್ಕೇ ಬೀಳುತ್ತೆ" ಅಂದ ರೆಗೇ ಹುಡುಗ. ಮೇಷ್ಟ್ರು ತೊಡೆ ಮೇಲೆ ತಾಳ ಹಾಕಿ ನೋಡಿದರು. "ಹಂಗಾದ್ರೆ ಸಮ ಖಾಲಿ ಬಿಡ್ತೀರಿ. ಧೈರ್ಯ ಬೇಕು" ಅಂದು ಎದ್ದು ಹೋದರು. ರಾತ್ರಿ ಎಂಟರ ಮೇಲೆ ಬೇಡ ಅಂತ ಅವರ ಮಗಳ ಕೈಲಿ ಹೇಳಿ ಕಳಿಸಿದರು, ಅದು ಬೇರೆ ಮಾತು.

ಈ ಎರಡು ತಾಳ ಒಂದೇ ವೇದಿಕೆ ಹತ್ತಿದ್ದು ಇದೇ ಮೊದಲಲ್ಲ. 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಪಂಕ್ ರಾಕ್ ನುಡಿಸೋ ದಿ ಕ್ಲ್ಯಾಶ್ ಮತ್ತು ಬರ್ಮಿಂಗ್‌ಹ್ಯಾಮಿನ ರೆಗೇ ಬ್ಯಾಂಡ್ ಸ್ಟೀಲ್ ಪಲ್ಸ್ ಒಂದೇ ದಿನ ಹಾಡಿದವು. ವಲಸಿಗರ ವಿರುದ್ಧ ನ್ಯಾಷನಲ್ ಫ್ರಂಟ್ ಬೆಳೀತಿದ್ದ ಕಾಲ. ಅದಕ್ಕೆ ಉತ್ತರವಾಗಿ ಹುಟ್ಟಿದ 'ರಾಕ್ ಅಗೇನ್ಸ್ಟ್ ರೇಸಿಸಂ' ಚಳವಳಿಯ ಕಾರ್ಯಕ್ರಮ ಅದು. ಮಾರನೇ ವರ್ಷ ದಿ ಸ್ಪೆಷಲ್ಸ್, ಮ್ಯಾಡ್‌ನೆಸ್, ದಿ ಸೆಲೆಕ್ಟರ್ ಮೂರೂ ಬ್ಯಾಂಡುಗಳು ಒಟ್ಟಿಗೆ ಬ್ರಿಟನ್ ಸುತ್ತಿದವು. ಕರಿಯರು, ಬಿಳಿಯರು ಒಂದೇ ಬ್ಯಾಂಡಿನಲ್ಲಿ, ಮೂರು ಬ್ಯಾಂಡು ಒಂದೇ ಟೂರಿನಲ್ಲಿ. ಮುಂದೆ ಅಮೆರಿಕದಲ್ಲಿ 311ನಂಥ ಬ್ಯಾಂಡುಗಳು ರಾಕ್ ಮತ್ತು ರೆಗೇ ಎರಡನ್ನೂ ಬೆರೆಸಿ, ಜೊತೆಗೆ ಇನ್ನೊಂದೆರಡು ಬ್ಯಾಂಡ್ ಕರ್ಕೊಂಡು ಬೇಸಿಗೆ ಟೂರ್ ಮಾಡೋದನ್ನೇ ಪದ್ಧತಿ ಮಾಡಿಕೊಂಡವು.

ನಮ್ಮವರೂ ಇದನ್ನ ಮಾಡಿದ್ದಾರೆ. 2009ರಲ್ಲಿ ಬ್ರಿಟಿಷ್ ಕೌನ್ಸಿಲ್ 'ಸೌಂಡ್‌ಪ್ಯಾಡ್' ಅಂತ ಒಂದು ಯೋಜನೆ ಮಾಡಿ ನಾಲ್ಕು ಬ್ಯಾಂಡ್ ಆರಿಸಿತು. ದಿಲ್ಲಿಯಿಂದ ಅದ್ವೈತ ಮತ್ತು ಇಂಡಿಗೋ ಚಿಲ್ಡ್ರನ್, ಮುಂಬೈಯಿಂದ ಮೆಡೂಸಾ, ಬೆಂಗಳೂರಿನಿಂದ ಸ್ವರಾತ್ಮ. ಧ್ವನಿಮುದ್ರಣಕ್ಕೆ ಬಂದವರು ಜಾನ್ ಲೆಕಿ. ರೇಡಿಯೋಹೆಡ್‌ನ 'ದಿ ಬೆಂಡ್ಸ್' ಆಲ್ಬಮ್ಮಿನ ನಿರ್ಮಾಪಕ. ಆಮೇಲೆ ಅವರೆಲ್ಲ ಒಟ್ಟಿಗೆ ಬ್ರಿಟನ್ನಿಗೆ ಹೋಗಿ ಬ್ರೈಟನ್ನಿನ 'ಗ್ರೇಟ್ ಎಸ್ಕೇಪ್' ಉತ್ಸವದಲ್ಲಿ ನುಡಿಸಿದರು. ಸ್ವರಾತ್ಮದ್ದು ಜಾನಪದದ ಬೇರು, ಅದರ ಮೇಲೆ ರಾಕು, ಬ್ಲೂಸು, ರೆಗೇ ಛಾಯೆ. ಹಾಡುಗಾರ ಮೈಸೂರಿನ ವಾಸು ದೀಕ್ಷಿತ್ ಕೀಲುಕುದುರೆ ಸೊಂಟಕ್ಕೆ ಕಟ್ಟಿಕೊಂಡು ವೇದಿಕೆ ಮೇಲೆ ಕುಣಿಯೋದನ್ನ ನೋಡಿದವರಿಗೆ ಮರೆಯೋಕಾಗಲ್ಲ. ಯೋಚನೆ ಮಾಡಿ. ಅಪ್ಪಟ ಗಿಟಾರ್ ರಾಕ್ ಕೇಳೋಣ ಅಂತ ಬಂದ ಯಾವನೋ ಒಬ್ಬನ ಮುಂದೆ ಕೀಲುಕುದುರೆ. ಅವನು ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಜೊತೆಯಾಗಿ ಟೂರ್ ಹೋಗೋದರ ಲಾಭ ಇದೇ ಅಂತ ನನಗೆ ಈ ಸಲ ಗೊತ್ತಾಯ್ತು. ನಮ್ಮ ಫೋನು ನಮಗೆ ಇಷ್ಟವಾದದ್ದನ್ನೇ ಮತ್ತೆ ಮತ್ತೆ ಕೇಳಿಸುತ್ತೆ. ಒಂದು ರಾಕ್ ಹಾಡು ಕೇಳಿದರೆ ಅಂಥದ್ದೇ ನೂರು ಸಾಲಾಗಿ ನಿಂತಿರ್ತವೆ. ಊರೂ ಹಾಗೇ ಹಂಚಿಹೋಗಿತ್ತು. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ, ಎಲ್ಲಾ ಬೆಂಗಳೂರಿಗೆ ಬಂದರು. ಬನಶಂಕರಿ ಕಡೆಯ ನಮಗೆ ಅದು ಊರಿನ ಆ ತುದಿ, ಇಂಗ್ಲಿಷ್ ಮಾತಾಡೋರ ಸಂಗೀತ. ನಮ್ಮದು ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ರಾಜ್ಯೋತ್ಸವದ ಆರ್ಕೆಸ್ಟ್ರಾ. 2008ರಲ್ಲಿ ರಘು ದೀಕ್ಷಿತ್ ತನ್ನ ಮೊದಲ ಆಲ್ಬಮ್ ತಂದು, ಶಿಶುನಾಳ ಷರೀಫರನ್ನ ಗಿಟಾರಿನ ಜೊತೆ ಹಾಡಿದ ಮೇಲೆ ನಮ್ಮ ಕಡೆಯ ಹುಡುಗರಿಗೆ ಒಂದು ಬಾಗಿಲು ತೆಗೆದಂತಾಯ್ತು. ನನ್ನ ಗೆಳೆಯ ಬಾಸ್ ಕೊಂಡಿದ್ದು ಅದಾದ ಮೇಲೇ.

ಟೂರಿನ ವಿಷಯಕ್ಕೆ ಬರ್ತೀನಿ. ಯಾರು ಮೊದಲು ಹತ್ತಬೇಕು ಅನ್ನೋದು ದೊಡ್ಡ ರಾಜಕೀಯ. ಕೊನೆಗೆ ಹಾಡೋರೇ ದೊಡ್ಡವರು ಅಂತ ಲೆಕ್ಕ. ಕೊನೆಗೆ ದಿನ ಬಿಟ್ಟು ದಿನ ಅದಲು ಬದಲು ಅಂತ ತೀರ್ಮಾನ ಆಯ್ತು. ಮೈಸೂರಿನಲ್ಲಿ ರಾಕ್ ಕೇಳೋಕೆ ಬಂದ ಕಾಲೇಜು ಹುಡುಗರು ರೆಗೇ ಶುರುವಾದ ತಕ್ಷಣ ಹೊರಗೆ ಹೋದರು. ನಾನು ಬಾಗಿಲಲ್ಲೇ ಟೀ ಶರ್ಟ್ ಇಟ್ಕೊಂಡು ಕೂತಿದ್ದೆ. ಮೂರನೇ ಹಾಡಿಗೆ ಒಬ್ಬೊಬ್ಬರಾಗಿ ಒಳಗೆ ಬಂದರು. ಬಾಸ್ ಸದ್ದು ಗೋಡೆ ದಾಟಿ ಹೊಟ್ಟೆಗೆ ಬಡೀತಿತ್ತು, ಅದಕ್ಕೇ ಇರಬೇಕು. ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿನಲ್ಲಿ ನನ್ನ ಗೆಳೆಯ ಆಫೀಸ್ ಕಾಲ್‌ನಲ್ಲಿದ್ದ. "ನೆಟ್‌ವರ್ಕ್ ಇಷ್ಯೂ" ಅಂತ ಮೂರು ಸಲ ಅಂದು, ನಾಲ್ಕನೇ ಸಲ ನಿಜವಾಗಿಯೇ ನೆಟ್‌ವರ್ಕ್ ಹೋಯ್ತು. ಅಲ್ಲಿ ಒಂದು ಜಾಗದಲ್ಲಿ ಒಪ್ಪಿದ ದುಡ್ಡಿನಲ್ಲಿ ಅರ್ಧಾನೇ ಕೊಟ್ಟರು, ಉಳಿದಿದ್ದು ಊಟದಲ್ಲಿ ವಜಾ ಅಂದರು. ಬಂಗುಡೆ ಫ್ರೈ ಚೆನ್ನಾಗಿತ್ತು, ಅದನ್ನ ಶೀಟಿನಲ್ಲಿ ಯಾವ ಕಾಲಮ್ಮಿಗೆ ಹಾಕೋದೋ ಗೊತ್ತಾಗಲಿಲ್ಲ.

ಹುಬ್ಬಳ್ಳಿಯಲ್ಲಿ ಸೌಂಡ್‌ಚೆಕ್ ಟೈಮಿನಲ್ಲಿ ವೈರ್ ಎಳೀತಿದ್ದ ಒಬ್ಬರು, "ಷರೀಫಜ್ಜಂದು ಒಂದರ ಹಾಡ್ತೀರೇನ್ರಿ?" ಅಂತ ಕೇಳಿದರು. ಶಿಶುನಾಳ ಅಲ್ಲಿಂದ ದೂರ ಏನಲ್ಲ. ರಾಕ್ ಬ್ಯಾಂಡಿನವರಿಗೆ ಹಾಡು ಗೊತ್ತು, ಆದರೆ ಅವರ ತಾಳಕ್ಕೆ ಅದು ಒಗ್ಗಲಿಲ್ಲ, ಕವಾಯತು ಮಾಡಿದಂತಾಯ್ತು. ರೆಗೇ ಡ್ರಮ್ಮರ್‌ಗೆ ಕನ್ನಡ ಅಷ್ಟಕ್ಕಷ್ಟೆ. ಆದರೆ ಭಜನೆ ತಾಳ ಕೇಳಿದ್ದೇ ಒಂದನೇ ಪೆಟ್ಟು ಬಿಟ್ಟು ಹಿಡಿದ. ನನ್ನ ಗೆಳೆಯ ಬಾಸ್ ಹಿಡಿದ. ಪದ ತೇಲಿಕೊಂಡು ಹೋಯ್ತು. ತತ್ವಪದಕ್ಕೆ ಉಸಿರಾಡೋಕೆ ಜಾಗ ಬೇಕು, ಆ ಜಾಗ ರೆಗೇಯಲ್ಲಿ ಮೊದಲೇ ಇತ್ತು. ಬೆಂಗಳೂರಿನ ಕೊನೇ ಶೋನಲ್ಲಿ ಎರಡೂ ಬ್ಯಾಂಡ್ ಸೇರಿ ಅದನ್ನೇ ಕೊನೆಗೆ ಹಾಡಿದವು. ಸ್ನೇರ್ ಬಿಗಿ ಮಾಡೋಕೆ ಯಾರೂ ಇಳಿಯಲಿಲ್ಲ.

ಟೂರಿಗೆ ಹೋಗೋ ಮುಂಚೆ ಗೆಳೆಯ ನನಗೆ ಒಂದು ಮಾತು ಹೇಳಿದ್ದ. "ಇದು ಲಾಸ್ಟು ಮಗಾ. ಮೂವತ್ತೈದಾಯ್ತು. ಮನೆ ಇಎಂಐ ಇದೆ, ಮಗಳು ಸ್ಕೂಲಿಗೆ ಹೋಗ್ಬೇಕು. ಲೆಕ್ಕ ಸರಿಯಾಗಿ ತೋರ್ಸು, ಮನಸ್ಸು ಗಟ್ಟಿ ಮಾಡ್ಕೋತೀನಿ." ತಮಾಷೆಗೆ ಹೇಳಿದ್ದಲ್ಲ. ಅವನ ಹೆಂಡತಿ ಬೇಡ ಅಂದಿಲ್ಲ, ಅದೇ ಅವನಿಗೆ ಜಾಸ್ತಿ ಭಾರ.

ಲೆಕ್ಕ ನಾನು ಸರಿಯಾಗೇ ತೋರಿಸಿದೆ. ಖರ್ಚು ಕಳೆದು ಒಬ್ಬೊಬ್ಬರಿಗೆ ಉಳಿದಿದ್ದು ಒಂದು ಸೆಟ್ ತಂತಿಯ ದುಡ್ಡು. ಟಿಟಿ ಹಂಚಿಕೊಳ್ಳದಿದ್ದರೆ ಅದೂ ಇಲ್ಲ, ಕೈಯಿಂದ ಹೋಗ್ತಿತ್ತು. ಜೊತೆಗೆ ಇನ್ನೊಂದು ಕಾಲಮ್ಮು ನಾನೇ ಸೇರಿಸಿದ್ದೆ. ಟೀ ಶರ್ಟ್ ಕೊಂಡವರನ್ನೆಲ್ಲ "ಯಾವ ಬ್ಯಾಂಡ್ ನೋಡೋಕೆ ಬಂದ್ರಿ?" ಅಂತ ಕೇಳಿ ಬರ್ಕೊಂಡಿದ್ದೆ. ನಾಲ್ಕು ಊರಲ್ಲಿ ಸೇರಿ ಮಾರಿದ್ದು ನಲವತ್ತೊಂದು. ಅದರಲ್ಲಿ ಹದಿನಾಲ್ಕು ಜನ ಒಂದು ಬ್ಯಾಂಡ್ ನೋಡೋಕೆ ಬಂದು ಇನ್ನೊಂದು ಬ್ಯಾಂಡಿನ ಶರ್ಟ್ ತಗೊಂಡು ಹೋಗಿದ್ದರು.

ಅವನು ಆ ಕಾಲಮ್ಮನ್ನೇ ಬಹಳ ಹೊತ್ತು ನೋಡಿದ. ನಿಲ್ಲಿಸು ಅಂತಾಗಲೀ ಮುಂದುವರಿಸು ಅಂತಾಗಲೀ ನಾನು ಹೇಳಲಿಲ್ಲ. ಅವನ ಇಎಂಐ ನಾನು ಕಟ್ಟಲ್ಲ. ಆದರೆ ಆ ಹದಿನಾಲ್ಕು ಜನ ಮನೇಲೇ ಕೂತು ಫೋನ್ ಒತ್ತುತ್ತಿದ್ದರೆ ಅವನ ಬಾಸು ಅವರ ಕಿವಿಗೆ ಬೀಳ್ತಿರಲಿಲ್ಲ, ಅಷ್ಟು ಮಾತ್ರ ನನಗೆ ಗೊತ್ತು.

ಹೋದ ವಾರ ಮೆಸೇಜ್ ಮಾಡಿದ್ದ. ಏನೂ ಪೀಠಿಕೆ ಇಲ್ಲ. "ಆ ಟಿಟಿ ಡ್ರೈವರ್ ನಂಬರ್ ನಿನ್ ಹತ್ರ ಇದ್ಯಾ?"